ಪಿಎಫ್‌ಗೆ ಮಿತಿ, ಗ್ರಾಚ್ಯುಟಿ ಅರ್ಧ: ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರ ಪ್ರಕರಣ

2024ರ ಮಾರ್ಚ್ ಕೊನೆಯ ವಾರ ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಟೈಮ್ ಆಫೀಸ್ ಬೋರ್ಡಿಗೆ ಒಂದು ಸುತ್ತೋಲೆ ಅಂಟಿಸಿದರು. ಇಂಗ್ಲಿಷಿನಲ್ಲಿ ಒಂದೂವರೆ ಪುಟ. ಅದರಲ್ಲಿದ್ದ ವಿಷಯ ಎರಡು. ಏಪ್ರಿಲ್ 1ರಿಂದ ಪಿಎಫ್ (ಭವಿಷ್ಯ ನಿಧಿ) ವಂತಿಗೆಯನ್ನು ತಿಂಗಳಿಗೆ 15,000 ರೂಪಾಯಿ ಸಂಬಳದ ಮಿತಿಯವರೆಗೆ ಮಾತ್ರ ಕಟ್ಟುತ್ತೇವೆ ಅನ್ನುವುದು ಮೊದಲನೆಯದು. ಸೀಸನ್ ಕಾರ್ಮಿಕರಿಗೆ ಇನ್ನು ಮುಂದೆ ವರ್ಷಕ್ಕೆ 15 ದಿನದ ಕೂಲಿಯ ಬದಲು ಸೀಸನ್ನಿಗೆ 7 ದಿನದ ಕೂಲಿಯಂತೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಸರ್ವಿಸ್ ನೋಡಿ ಮಾಲೀಕರು ಕೊಡುವ ಇಡುಗಂಟು) ಕೊಡುತ್ತೇವೆ ಅನ್ನುವುದು ಎರಡನೆಯದು.

ಜೂನ್ ಮುಗಿಯುವ ಹೊತ್ತಿಗೆ ಈ ಎರಡರಲ್ಲಿ ಬಹುಪಾಲನ್ನು ಕಂಪನಿ ವಾಪಸ್ ತಗೊಂಡಿತು. ಆ ಮೂರು ತಿಂಗಳಲ್ಲಿ ಏನಾಯಿತು, ಯಾಕಾಯಿತು ಎಂದು ಇಲ್ಲಿ ಬರೆದಿದ್ದೇನೆ. ಕಾರ್ಮಿಕರ ಸಂಘಕ್ಕೆ ಲೆಕ್ಕ ಹಾಕಿಕೊಟ್ಟವರಲ್ಲಿ ನಾನೂ ಒಬ್ಬ. ಹಾಗಾಗಿ ನಾನು ಯಾರ ಪರ ಅನ್ನುವುದರಲ್ಲಿ ಮುಚ್ಚುಮರೆ ಇಲ್ಲ. ಕಂಪನಿಯ ಹೆಸರು, ಜನರ ಹೆಸರು ಬರೆದಿಲ್ಲ. ಅವರೆಲ್ಲ ಇವತ್ತೂ ಅದೇ ಗೇಟಿನೊಳಗೆ ಒಟ್ಟಿಗೆ ಕೆಲಸ ಮಾಡುತ್ತಿದ್ದಾರೆ.

ಅಲ್ಲಿ ಕೆಲಸ ಮಾಡುವವರು

ಹೊರಗಿನವರಿಗೆ ಒಂದಿಷ್ಟು ಹಿನ್ನೆಲೆ ಹೇಳಬೇಕು. ತೋಟದಿಂದ ಬರುವ ಕಾಫಿ ಕುಡಿಯುವ ಹದಕ್ಕೆ ಇರುವುದಿಲ್ಲ. ಪಾರ್ಚ್‌ಮೆಂಟ್ ಆಗಿ (ಹಣ್ಣಿನ ಸಿಪ್ಪೆ ತೆಗೆದು ಒಳಪೊರೆ ಉಳಿದ ಬೀಜ), ಇಲ್ಲವೇ ಒಣಗಿದ ಚೆರಿಯಾಗಿ (ಇಡೀ ಹಣ್ಣು) ಮೂಟೆಯಲ್ಲಿ ಬರುತ್ತದೆ. ಅದನ್ನು ಕಣದಲ್ಲಿ ಮತ್ತೆ ಒಣಗಿಸಿ, ಮೆಷಿನ್ನಿಗೆ ಹಾಕಿ ಸಿಪ್ಪೆ ಬಿಡಿಸಿ, ಗಾತ್ರ ನೋಡಿ ಬೇರೆ ಮಾಡಿ, ಕೊನೆಗೆ ಕೆಟ್ಟ ಬೀಜ ಆರಿಸಿ ತೆಗೆಯಬೇಕು. ಇದೆಲ್ಲ ನಡೆಯುವುದು ಕ್ಯೂರಿಂಗ್ ವರ್ಕ್ಸ್‌ನಲ್ಲಿ. ಕಪ್ಪು ಬೀಜ, ಒಡೆದದ್ದು, ಹುಳು ಹೊಡೆದದ್ದು ಎಲ್ಲ ಬೇರೆಯಾಗಬೇಕು. ಈ ಆರಿಸುವ ಕೆಲಸಕ್ಕೆ ಗಾರ್ಬ್ಲಿಂಗ್ ಅನ್ನುತ್ತಾರೆ. ಅಲ್ಲಿ ಕೂರುವವರೆಲ್ಲ ಹೆಂಗಸರೇ. ಬಣ್ಣ ನೋಡಿ ಬೀಜ ಬೇರೆ ಮಾಡುವ ಯಂತ್ರಗಳು ಬಂದ ಮೇಲೆ ಅವರ ಸಂಖ್ಯೆ ಇಳಿದಿದೆ. ಆದರೂ ಒಳ್ಳೇ ಗ್ರೇಡಿನ ಕಾಫಿಗೆ ಕಣ್ಣು, ಕೈ ಬೇಕೇ ಬೇಕು.

ಈ ವರ್ಕ್ಸ್‌ನಲ್ಲಿ ಸುಮಾರು 40 ಜನ ಕಾಯಂ ಗಂಡಸರು. ಮೆಷಿನ್ ಆಪರೇಟರ್, ಫಿಟ್ಟರ್, ಗೋಡೌನ್ ಕೀಪರ್, ರೈಟರ್, ಡ್ರೈವರ್. ಬೇಸಿಕ್ಕೂ ಡಿಎಯೂ (ತುಟ್ಟಿಭತ್ಯೆ) ಸೇರಿ ಹಳಬರಿಗೆ 19 ಸಾವಿರ, 20 ಸಾವಿರದ ಆಸುಪಾಸು. ಹೆಂಗಸರು ಸುಮಾರು 100 ಮಂದಿ. ದಿನಗೂಲಿ 520 ರೂಪಾಯಿ. 26 ದಿನ ಪೂರ್ತಿ ಬಂದರೆ 13,520. ಪುಸ್ತಕದಲ್ಲಿ ಅವರು ಸೀಸನ್ ಕಾರ್ಮಿಕರು. ಕೆಲಸ ಡಿಸೆಂಬರ್‌ನಿಂದ ಜೂನ್ ತನಕ ಬಿಗಿಯಾಗಿರುತ್ತದೆ. ಆಮೇಲೆ ಚೀಲ ಹೊಲಿಯುವುದು, ಗೋಡೌನ್ ಗುಡಿಸುವುದು ಅಂತ ಕೆಲವರಿಗೆ ಮಾತ್ರ ಸಿಗುತ್ತದೆ.

ಹೀಗಾಗಿ ಸುತ್ತೋಲೆಯ ಮೊದಲ ವಿಷಯ ಗಂಡಸರಿಗೆ ತಟ್ಟುತ್ತದೆ, ಎರಡನೆಯದು ಹೆಂಗಸರಿಗೆ. ಆಫೀಸಿನಲ್ಲಿ ಕೂತವರಿಗೆ ಇವು ಎರಡು ಬೇರೆ ಬೇರೆ ಗುಂಪಿನ ಬೇರೆ ಬೇರೆ ವಿಷಯ. ಲೆಕ್ಕ ತಪ್ಪಿದ್ದು ಅಲ್ಲೇ.

ಕಂಪನಿಗೆ ಬಂದ ತೊಂದರೆ

ಕಂಪನಿ ಸುಮ್ನೆ ದುರಾಸೆಯಿಂದ ಹೀಗೆ ಮಾಡಿತು ಎಂದು ಬರೆದರೆ ಅದು ಪೂರ್ತಿ ಸತ್ಯ ಆಗುವುದಿಲ್ಲ. 2024ರ ಜನವರಿ 10ರಂದು ಕರ್ನಾಟಕ ಸರ್ಕಾರ ಕಡ್ಡಾಯ ಗ್ರಾಚ್ಯುಟಿ ವಿಮಾ ನಿಯಮಗಳನ್ನು ಹೊರಡಿಸಿತು. ಮಾಲೀಕರು ತಮ್ಮ ಕಾರ್ಮಿಕರ ಗ್ರಾಚ್ಯುಟಿಗೆ ವಿಮೆ ಮಾಡಿಸಲೇಬೇಕು. ಆಗಲೇ ನಡೆಯುತ್ತಿರುವ ಸಂಸ್ಥೆಗಳಿಗೆ 60 ದಿನದ ಗಡುವು. ಕಂಪನಿ ದಿವಾಳಿಯೆದ್ದರೆ, ಮಾಲೀಕರು ಕೈ ಎತ್ತಿದರೆ ಕಾರ್ಮಿಕರ ಹಣ ಮುಳುಗಬಾರದು ಅನ್ನುವುದು ಉದ್ದೇಶ. ತುಂಬ ಒಳ್ಳೆಯ ನಿಯಮ.

ಈ ವರ್ಕ್ಸ್‌ನಲ್ಲಿ ಅದುವರೆಗೆ ಗ್ರಾಚ್ಯುಟಿಗೆಂದು ಒಂದು ರೂಪಾಯಿಯನ್ನೂ ಬೇರೆ ಇಟ್ಟಿರಲಿಲ್ಲ. ಯಾರಾದರೂ ನಿವೃತ್ತಿಯಾದರೆ ಆ ತಿಂಗಳ ವರಮಾನದಿಂದಲೇ ಕೊಡುತ್ತಿದ್ದರು. ಹಳೇ ಸಾವ್ಕಾರ್ರ ಕಾಲದಿಂದ ನಡೆದುಬಂದ ರೀತಿ ಅದು. ವರ್ಷಕ್ಕೆ ಒಬ್ಬರೋ ಇಬ್ಬರೋ ಹೋಗುವಾಗ ನಡೆಯುತ್ತಿತ್ತು. ಆದರೆ ಈಗಿನ ಕಾರ್ಮಿಕರಲ್ಲಿ ಬಹಳ ಮಂದಿ ಒಂದೇ ಕಾಲದಲ್ಲಿ ಸೇರಿದವರು. ಮುಂದಿನ ಏಳೆಂಟು ವರ್ಷದಲ್ಲಿ ಸಾಲುಸಾಲಾಗಿ ನಿವೃತ್ತಿ ಆಗುತ್ತಾರೆ. ವಿಮಾ ಕಂಪನಿ ಇವರೆಲ್ಲರ ಹಿಂದಿನ ಸರ್ವಿಸ್ ಲೆಕ್ಕ ಹಾಕಿ ಮೊದಲ ಕಂತು ಹೇಳಿದಾಗ ಆಫೀಸಿನವರು ಹೌಹಾರಿದರು.

ಅದರ ಜೊತೆಗೆ ಇನ್ನೊಂದು. ಆ ಬೇಸಿಗೆಯಲ್ಲಿ ರೊಬಸ್ಟಾ ದರ ಹಿಂದೆಂದೂ ಕಾಣದಷ್ಟು ಏರಿತ್ತು. "ಕಾಫಿಗೆ ಇಷ್ಟು ರೇಟಿದೆ, ನಮ್ಮ ದುಡ್ಡಿಗೆ ಯಾಕೆ ಕತ್ತರಿ?" ಎಂದು ಕಾರ್ಮಿಕರು ಕೇಳಿದ್ದು ಸಹಜ. ಆದರೆ ಕ್ಯೂರಿಂಗ್ ವರ್ಕ್ಸ್‌ಗೆ ಸಿಗುವುದು ಟನ್ನಿಗೆ ಇಷ್ಟು ಎಂಬ ಕೆಲಸದ ದರ. ಕಾಫಿ ದರ ಏರಿದರೆ ಲಾಭ ಬೆಳೆಗಾರರಿಗೆ, ವ್ಯಾಪಾರಿಗಳಿಗೆ. ದರ ಚೆನ್ನಾಗಿದ್ದಾಗ ತುಂಬ ಬೆಳೆಗಾರರು ತೋಟದ ಬಾಗಿಲಲ್ಲೇ ಮಾರಿಬಿಡುತ್ತಾರೆ, ವರ್ಕ್ಸ್‌ಗೆ ತಂದು ಇಡುವುದಿಲ್ಲ. ಈ ಮಾತನ್ನು ಮ್ಯಾನೇಜ್‌ಮೆಂಟ್ ಕಾರ್ಮಿಕರ ಮುಂದೆ ಕೂತು ಕನ್ನಡದಲ್ಲಿ ಹೇಳಬಹುದಿತ್ತು. ಕೇಳುವ ಜನ ಇದ್ದರು. ಹೇಳಲಿಲ್ಲ. ಬೆಂಗಳೂರಿನಿಂದ ಒಬ್ಬ ಸಲಹೆಗಾರರನ್ನು ಕರೆಸಿದರು. ಕಾನೂನು ಕಡ್ಡಾಯ ಮಾಡಿದಷ್ಟನ್ನು ಮಾತ್ರ ಕೊಡಿ, ಆಗ ವಿಮೆಯ ಕಂತೂ ಇಳಿಯುತ್ತದೆ ಎಂದು ಅವರು ಬರೆದುಕೊಟ್ಟರು. ಆ ಬರಹವೇ ಬೋರ್ಡಿಗೆ ಬಂತು.

ಪಿಎಫ್ ಲೆಕ್ಕ

ಪಿಎಫ್‌ನಲ್ಲಿ ಕಾರ್ಮಿಕರದ್ದು 12%, ಮಾಲೀಕರದ್ದು 12%. ಮಾಲೀಕರ 12%ರಲ್ಲಿ 8.33% ಪಿಂಚಣಿ ಖಾತೆಗೆ ಹೋಗುತ್ತದೆ. ಆದರೆ ಅದಕ್ಕೆ 15,000 ರೂಪಾಯಿಯ ಮಿತಿ ಇದೆ. ಅಂದರೆ ಸಾಮಾನ್ಯವಾಗಿ ತಿಂಗಳಿಗೆ 1,250 ರೂಪಾಯಿಗಿಂತ ಜಾಸ್ತಿ ಪಿಂಚಣಿಗೆ ಹೋಗುವುದಿಲ್ಲ. ಉಳಿದದ್ದು ಕಾರ್ಮಿಕರ ಪಿಎಫ್ ಖಾತೆಗೆ.

19,500 ರೂಪಾಯಿ ಬೇಸಿಕ್ ಮತ್ತು ಡಿಎ ಇರುವ ಒಬ್ಬ ಆಪರೇಟರ್ ಲೆಕ್ಕ ನೋಡಿ. ಮಾರ್ಚ್ ತನಕ ಮಾಲೀಕರು ಕಟ್ಟುತ್ತಿದ್ದದ್ದು 2,340. ಅದರಲ್ಲಿ 1,250 ಪಿಂಚಣಿಗೆ, 1,090 ಪಿಎಫ್ ಖಾತೆಗೆ. ಏಪ್ರಿಲ್‌ನಿಂದ ಮಾಲೀಕರ ವಂತಿಗೆ 1,800. ಪಿಂಚಣಿಯ 1,250 ಹಾಗೇ ಉಳಿಯಿತು. ಪಿಎಫ್ ಖಾತೆಗೆ ಬಂದದ್ದು 550. ಒಟ್ಟು ವಂತಿಗೆ ನೋಡಿದರೆ ನಾಲ್ಕನೇ ಒಂದು ಭಾಗಕ್ಕಿಂತಲೂ ಕಡಿಮೆ ಇಳಿದಂತೆ ಕಾಣುತ್ತದೆ. ಕಾರ್ಮಿಕರು ಮೊಬೈಲಿನಲ್ಲಿ ತೆರೆದು ನೋಡುವ ಪಾಸ್‌ಬುಕ್ಕಿನಲ್ಲಿ ಮಾತ್ರ ಮಾಲೀಕರ ಪಾಲು ಹೆಚ್ಚುಕಡಿಮೆ ಅರ್ಧಕ್ಕೆ ಬಿದ್ದಿತ್ತು.

ಏಪ್ರಿಲ್ ಸಂಬಳದ ಚೀಟಿ ಮೇ ಮೊದಲ ವಾರ ಬಂತು. ಕಾರ್ಮಿಕರ ಪಾಲಿನ ಕಡಿತವೂ 2,340ರಿಂದ 1,800ಕ್ಕೆ ಇಳಿದಿದ್ದರಿಂದ ಕೈಗೆ 540 ರೂಪಾಯಿ ಜಾಸ್ತಿ ಬಂದಿತ್ತು. ಸುತ್ತೋಲೆಯಲ್ಲೂ ಇದನ್ನೇ ದೊಡ್ಡದಾಗಿ ಹೇಳಿದ್ದರು. ಬೈಕ್ ಸಾಲದ ಕಂತು ಕಟ್ಟುವ ಹುಡುಗರಿಗೆ ಖುಷಿಯೂ ಆಯಿತು. ಒಬ್ಬ ಹಿರಿಯ ಫಿಟ್ಟರ್ ಅವರನ್ನು ಕೂರಿಸಿಕೊಂಡು ಹೇಳಿದರು: "ಇದು ನಿನ್ನ ದುಡ್ಡೇ ಕಣಪ್ಪ. ಈ ಜೇಬಿನಿಂದ ಆ ಜೇಬಿಗೆ ಬಂತು, ಅಷ್ಟೆ. ಅವರು ಕಟ್ಟುತ್ತಿದ್ದ 540 ಎಲ್ಲಿ ಹೋಯ್ತು, ಅದನ್ನು ಕೇಳು."

ಆ 540 ರೂಪಾಯಿ ಚಿಕ್ಕ ಮೊತ್ತ ಎಂದು ಹೇಳುವವರು ಇದ್ದಾರೆ. 2023-24ಕ್ಕೆ ಪಿಎಫ್ ಬಡ್ಡಿ 8.25%. ಇನ್ನು 12 ವರ್ಷ ಸರ್ವಿಸ್ ಇರುವವರಿಗೆ, ಸಂಬಳ ಒಂದು ಪೈಸೆಯೂ ಏರುವುದಿಲ್ಲ ಎಂದು ಹಿಡಿದರೂ, ಅದೇ ಬಡ್ಡಿಯಲ್ಲಿ ಆ 540 ಸುಮಾರು 1 ಲಕ್ಷ 30 ಸಾವಿರ ಆಗುತ್ತದೆ. ಡಿಎ ಏರಿದ ಹಾಗೆ ಈ ಅಂತರವೂ ಏರುತ್ತದೆ. ಒಂದು ಮದುವೆಗೋ, ಒಂದು ಆಪರೇಷನ್ನಿಗೋ ಸಾಲ ಮಾಡದೆ ನಿಲ್ಲುವಷ್ಟು ಹಣ ಇದು.

ಇನ್ನೂ ಒಂದು ಎಳೆ ಇಲ್ಲಿತ್ತು. 2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ, ಪೂರ್ತಿ ಸಂಬಳದ ಮೇಲೆ ವಂತಿಗೆ ಕಟ್ಟುತ್ತಿದ್ದವರಿಗೆ ಹೆಚ್ಚಿನ ಪಿಂಚಣಿಗೆ ಅರ್ಜಿ ಹಾಕುವ ಅವಕಾಶ ಸಿಕ್ಕಿತ್ತು. ಕಾರ್ಮಿಕರು, ಮಾಲೀಕರು ಸೇರಿ ಸಲ್ಲಿಸಬೇಕಾದ ಜಂಟಿ ಅರ್ಜಿ ಅದು. ಇಲ್ಲಿನ ಕೆಲವು ಆಪರೇಟರ್‌ಗಳು 2023ರಲ್ಲಿ ಹಾಕಿದ್ದರು. ಪೂರ್ತಿ ಸಂಬಳದ ಮೇಲೇ ಪಿಎಫ್ ಕಟ್ಟುತ್ತಿದ್ದೇವೆ ಎಂದು ಕಂಪನಿಯೇ ಅದಕ್ಕೆ ಒಪ್ಪಿಗೆ ಕೊಟ್ಟಿತ್ತು. ಹತ್ತು ತಿಂಗಳೂ ಕಳೆಯುವ ಮೊದಲು ಅದೇ ಕಂಪನಿ ಅದು ನಮ್ಮ ಕರ್ತವ್ಯ ಅಲ್ಲ ಅಂದಿತು. ಈ ಒಪ್ಪಿಗೆ ಆಮೇಲೆ ಮಾತುಕತೆಯ ಮೇಜಿನ ಮೇಲೆ ಬಹಳ ಉಪಯೋಗಕ್ಕೆ ಬಂತು.

ಗ್ರಾಚ್ಯುಟಿ ಲೆಕ್ಕ

ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆಯ ಪ್ರಕಾರ ಐದು ವರ್ಷ ಸರ್ವಿಸ್ ಆದವರಿಗೆ ವರ್ಷಕ್ಕೆ 15 ದಿನದ ಸಂಬಳ. ಸೀಸನ್ ಸಂಸ್ಥೆಯಲ್ಲಿ ವರ್ಷಪೂರ್ತಿ ಕೆಲಸ ಇಲ್ಲದವರಿಗೆ ಸೀಸನ್ನಿಗೆ 7 ದಿನದ ಸಂಬಳ. ಸಲಹೆಗಾರರು ಹಿಡಿದುಕೊಂಡದ್ದು ಈ ಎರಡನೇ ಮಾತನ್ನು. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಾಯ್ದೆ ಕೂಡ ಕಾಫಿ ತಯಾರಿಕೆಯನ್ನು ಸೀಸನ್ ಕೆಲಸಗಳ ಪಟ್ಟಿಯಲ್ಲೇ ಇಟ್ಟಿದೆ ಎಂದು ತೋರಿಸಿದರು.

ಆದರೆ ಈ ವರ್ಕ್ಸ್‌ನಲ್ಲಿ ಎಷ್ಟೋ ವರ್ಷದಿಂದ ಹೆಂಗಸರಿಗೂ 15 ದಿನದ ಲೆಕ್ಕದಲ್ಲೇ ಕೊಟ್ಟುಕೊಂಡು ಬಂದಿದ್ದರು. 24 ವರ್ಷ ಸರ್ವಿಸ್ ಆದ ಒಬ್ಬ ಹೆಂಗಸಿಗೆ 520 ರೂಪಾಯಿ ಕೂಲಿಯಲ್ಲಿ 1,87,200 ಸಿಗಬೇಕು. ಹೊಸ ಲೆಕ್ಕದಲ್ಲಿ 87,360. ಹತ್ತಿರ ಹತ್ತಿರ ಒಂದು ಲಕ್ಷ ಖೋತಾ. ಪುಸ್ತಕದಲ್ಲಿ ದೊಡ್ಡ ಉಳಿತಾಯ ಆಗುತ್ತಿದ್ದದ್ದು ಇಲ್ಲೇ. ಪಿಎಫ್ ಕಡಿತದಿಂದ ಕಂಪನಿಗೆ ಉಳಿಯುತ್ತಿದ್ದದ್ದು ಇದರ ಮುಂದೆ ಸಣ್ಣದು. ಎಲ್ಲರಿಗಿಂತ ಕಡಿಮೆ ಕೂಲಿ ಇರುವವರ ತಲೆ ಮೇಲೆ ಎಲ್ಲಕ್ಕಿಂತ ದೊಡ್ಡ ಭಾರ ಬಂದಿತ್ತು. ನನಗೆ ಇವತ್ತಿಗೂ ಸಿಟ್ಟು ಬರುವುದು ಈ ವಿಷಯಕ್ಕೇ.

ಇವರಿಗೆ ಪಿಂಚಣಿ ಅಂತ ಸಿಗುವುದು ಎಷ್ಟು ಹೇಳಿ? ಪಿಎಫ್ ಪಿಂಚಣಿಯ ಕನಿಷ್ಠ ಮೊತ್ತ 2014ರಿಂದ ತಿಂಗಳಿಗೆ 1,000 ರೂಪಾಯಿ. ಕಡಿಮೆ ಕೂಲಿ, ನಡುನಡುವೆ ಕೆಲಸ ಇಲ್ಲದ ತಿಂಗಳು. ಇಂಥವರ ಪಿಂಚಣಿ ಅದರ ಆಸುಪಾಸಿಗಿಂತ ತುಂಬ ಮೇಲೆ ಹೋಗುವುದು ಕಷ್ಟ. ಹಾಗಾಗಿ ಗ್ರಾಚ್ಯುಟಿ ಅಂದರೆ ಅವರಿಗೆ ಜೀವಮಾನದಲ್ಲಿ ಒಂದೇ ಸಲ ಕೈಗೆ ಬರುವ ದೊಡ್ಡ ಮೊತ್ತ. ಮನೆಗೆ ಆರ್‌ಸಿಸಿ ಹಾಕಿಸುವುದು, ಮಗನ ಆಟೋ ಸಾಲ ತೀರಿಸುವುದು, ಎಲ್ಲ ಅದರ ಮೇಲೇ ನಿಂತಿರುತ್ತದೆ.

ಎರಡು ಗುಂಪು ಸೇರಿದ್ದು

ಏಪ್ರಿಲ್ ಮೊದಲ ಎರಡು ವಾರ ಜಾಸ್ತಿ ಗದ್ದಲ ಇರಲಿಲ್ಲ. ಗಂಡಸರು ಗ್ರಾಚ್ಯುಟಿ ವಿಷಯ ನಮ್ಮದಲ್ಲ ಅಂದುಕೊಂಡರು. ಹೆಂಗಸರಿಗೆ 15,000ದ ಮಿತಿ ದೂರದ ಮಾತಾಗಿ ಕಂಡಿತು. ಸಂಘದ ಕಾರ್ಯದರ್ಶಿ ಕೂಡ ಮೊದಲು ಬರೆದ ದೂರಿನಲ್ಲಿ ಪಿಎಫ್ ವಿಷಯ ಮಾತ್ರ ಇತ್ತು. ಸಂಘದ ಕಮಿಟಿಯಲ್ಲಿ ಇದ್ದವರೆಲ್ಲ ಗಂಡಸರು, ಹಾಗಾಗಿ.

ಇದು ಬದಲಾದದ್ದು ಮನೆಗಳಲ್ಲಿ. ಉಪ್ಪಳ್ಳಿ, ಹಿರೇಮಗಳೂರು, ಇಂದಾವರ ಕಡೆಯ ಎಷ್ಟೋ ಮನೆಗಳಲ್ಲಿ ಗಂಡ ಮೆಷಿನ್ ಕಡೆ, ಹೆಂಡತಿ ಗಾರ್ಬ್ಲಿಂಗ್ ಕಡೆ. ಸುತ್ತೋಲೆಯ ಎರಡೂ ವಿಷಯ ಒಂದೇ ಮನೆಯೊಳಗೆ ಬಂದು ಸೇರಿದವು. ಗಂಡನ ಕಡೆಯಿಂದ ಒಂದು ಲಕ್ಷದ ಮೇಲೆ, ಹೆಂಡತಿಯ ಕಡೆಯಿಂದ ಹತ್ತಿರ ಒಂದು ಲಕ್ಷ. ಒಂದು ಸಂಜೆ ಅಂಥ ಒಂದು ಮನೆಯಲ್ಲಿ ನಾನು ಲೆಕ್ಕ ಓದಿ ಹೇಳಿದಾಗ ಆ ಮನೆಯಾಕೆ ಕೇಳಿದ ಪ್ರಶ್ನೆ ಇದು: "ನಮ್ಮ ಕೂಲಿ ಪ್ರತಿ ಏಪ್ರಿಲ್‌ನಲ್ಲಿ ಏರುತ್ತಲ್ವಾ ಸಾರ್? ನಾವೂ 15 ಸಾವಿರ ದಾಟ್ತೀವಲ್ಲ?"

ಇಡೀ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸಿದ ಮಾತು ಇದೇ. ಪಿಎಫ್ ಸಂಬಳದ ಮಿತಿಯನ್ನು 6,500ರಿಂದ 15,000ಕ್ಕೆ ಏರಿಸಿದ್ದು 2014ರ ಸೆಪ್ಟೆಂಬರ್ 1ರಂದು. ಹತ್ತು ವರ್ಷ ಕಳೆಯುತ್ತ ಬಂದರೂ ಅದು ಅಲ್ಲೇ ನಿಂತಿತ್ತು. ಡಿಎ ಮಾತ್ರ ಬೆಲೆ ಏರಿಕೆಯ ಜೊತೆ ವರ್ಷವರ್ಷ ಏರುತ್ತದೆ. 13,520ಕ್ಕೆ ವರ್ಷಕ್ಕೆ 5% ಸೇರಿಸುತ್ತ ಹೋದರೆ ಮೂರನೇ ವರ್ಷಕ್ಕೆ 15,650 ದಾಟುತ್ತದೆ. ಅಂದರೆ ಇವತ್ತು ಆಪರೇಟರ್‌ಗೆ ಬಂದದ್ದು ಮೂರು ವರ್ಷಕ್ಕೆ ಗಾರ್ಬ್ಲಿಂಗ್ ಹೆಂಗಸರಿಗೂ ಬರುತ್ತದೆ. ಸಲಹೆಗಾರರ ವರದಿಯಲ್ಲಿ ಈ ಸಾಲು ಇರಲಿಲ್ಲ. ಕೂಲಿ ಏರುವುದನ್ನು ಪ್ರತಿ ವರ್ಷ ಕಾದು ಕೂರುವ ಹೆಂಗಸಿಗೆ ಅದು ತಕ್ಷಣ ಹೊಳೆಯಿತು.

ಇವರಿಗೆ ಪಿಎಫ್ ಹೋರಾಟ ಹೊಸದೂ ಆಗಿರಲಿಲ್ಲ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷದ ತನಕ ತೆಗೆಯುವಂತಿಲ್ಲ ಎಂದು ನಿಯಮ ತಂದಿತ್ತು. ಆ ಏಪ್ರಿಲ್ 18, 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗೆ ಇಳಿದರು. 19ರಂದೇ ಸರ್ಕಾರ ನಿಯಮ ಹಿಂದಕ್ಕೆ ತೆಗೆದುಕೊಂಡಿತು. ಇಲ್ಲಿನ ಕೆಲವರ ಹೆಣ್ಣುಮಕ್ಕಳು, ತಂಗಿಯರು ಆಗ ಅಲ್ಲಿ ಕೆಲಸ ಮಾಡುತ್ತಿದ್ದರು. "ನಮ್ಮ ಹುಡುಗಿ ಅವತ್ತು ಹೊಸೂರು ರಸ್ತೆಯಲ್ಲಿ ಇದ್ದಳು" ಎಂದು ಒಬ್ಬಾಕೆ ಸಭೆಯಲ್ಲಿ ಹೇಳಿದಾಗ ಉಳಿದವರಿಗೂ ಧೈರ್ಯ ಬಂತು.

ಟ್ರಂಕಿನಲ್ಲಿದ್ದ ಕಾಗದಗಳು

15 ದಿನದ ಲೆಕ್ಕದಲ್ಲಿ ಕೊಡುತ್ತಿದ್ದರು ಎನ್ನುವುದಕ್ಕೆ ಬರಹದ ಒಪ್ಪಂದ ಇರಲಿಲ್ಲ. ಹಳೇ ಸಾವ್ಕಾರ್ರು ಕೊಟ್ಟರು, ಆಮೇಲೆ ಹಾಗೇ ನಡೆಯಿತು. ಅದು ದಯೆಯಿಂದ ಕೊಟ್ಟದ್ದು, ಹಕ್ಕಲ್ಲ ಎಂದು ಕಂಪನಿ ವಾದಿಸುವುದು ಖಂಡಿತ ಇತ್ತು.

ಹಾಗಾಗಿ ಹೆಂಗಸರು ನಿವೃತ್ತರ ಮನೆಗಳನ್ನು ಹುಡುಕಿಕೊಂಡು ಹೊರಟರು. ಭಾನುವಾರ, ಸಂತೆಯ ದಿನ, ಕೆಲಸ ಬಿಟ್ಟ ಮೇಲೆ. ಆಲ್ದೂರಿನ ತನಕ ಬಸ್ಸಿನಲ್ಲಿ ಹೋದವರಿದ್ದಾರೆ. ನಿವೃತ್ತಿಯ ದಿನ ಕಂಪನಿ ಕೊಡುತ್ತಿದ್ದ ಲೆಕ್ಕದ ಹಾಳೆಯನ್ನು ತುಂಬ ಮಂದಿ ಜೋಪಾನವಾಗಿ ಇಟ್ಟಿದ್ದರು. ರೇಷನ್ ಕಾರ್ಡು, ಆಧಾರ್, ಗಂಡನ ಮರಣ ಪತ್ರದ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ. ಸರ್ವಿಸ್ ಎಷ್ಟು ವರ್ಷ, ಕೂಲಿ ಎಷ್ಟು, ಗುಣಿಸು 15. ಕೆಳಗೆ ಕಂಪನಿ ಸೀಲು, ಮ್ಯಾನೇಜರ್ ಸಹಿ. ಕೆಲವು ಹಾಳೆ ಮಡಿಚಿದ ಜಾಗದಲ್ಲಿ ಹರಿದಿದ್ದವು. ಒಬ್ಬ ಅಜ್ಜಿ ತಮ್ಮ ಹಾಳೆ ಕೊಡಲು ಮೊದಲು ಒಪ್ಪಲಿಲ್ಲ. ಕೊಟ್ಟ ದುಡ್ಡನ್ನು ವಾಪಸ್ ಕೇಳುತ್ತಾರೇನೋ ಎಂಬ ಭಯ ಅವರಿಗೆ. ಹಾಗೆ ಕೇಳುವಂತಿಲ್ಲ ಎಂದು ವಿವರಿಸಿ, ಅವರ ಎದುರೇ ಮೊಬೈಲಿನಲ್ಲಿ ಫೋಟೊ ತೆಗೆದು ಹಾಳೆಯನ್ನು ಅಲ್ಲೇ ಟ್ರಂಕಿಗೆ ಹಾಕಿ ಬಂದರು.

ಬೇರೆ ಬೇರೆ ವರ್ಷದ, ಬೇರೆ ಬೇರೆ ಮ್ಯಾನೇಜರ್‌ಗಳ ಸಹಿ ಇರುವ ಹಾಳೆಗಳು ಒಂದೊಂದಾಗಿ ಸೇರಿದವು. ಎಲ್ಲದರಲ್ಲೂ ಗುಣಿಸಿದ್ದು 15ರಿಂದಲೇ. ವಕೀಲರು ಅವನ್ನು ನೋಡಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ ಅಂದರು. ಗ್ರಾಚ್ಯುಟಿ ಕಾಯ್ದೆಯ 4(5)ನೇ ಕಲಮು ಕಾನೂನು ಹೇಳಿದ್ದಕ್ಕಿಂತ ಉತ್ತಮ ಷರತ್ತು ಒಪ್ಪಂದದಲ್ಲೋ ಕರಾರಿನಲ್ಲೋ ಇದ್ದರೆ ಅದಕ್ಕೇ ರಕ್ಷಣೆ ಕೊಡುತ್ತಿತ್ತು. ಇಷ್ಟು ವರ್ಷ ತಪ್ಪದೆ ನಡೆದ ಪದ್ಧತಿ ಕರಾರಿನ ಭಾಗವೇ ಆಗಿದೆ ಅನ್ನುವುದು ಸಂಘದ ವಾದ.

ಕೆಲಸ ನಿಂತದ್ದು

ಏಪ್ರಿಲ್ 2ನೇ ವಾರ ಕೊಟ್ಟ ದೂರು ಕಾರ್ಮಿಕ ಇಲಾಖೆಯಲ್ಲಿ ಕಾದು ಕೂತಿತು. ಏಪ್ರಿಲ್ 26ಕ್ಕೆ ಲೋಕಸಭಾ ಚುನಾವಣೆಯ ಮತದಾನ. ಅಧಿಕಾರಿಗಳೆಲ್ಲ ಆ ಕೆಲಸದಲ್ಲಿ ಇದ್ದರು. ಮೇ ಮೊದಲ ವಾರ ಸಂಬಳದ ಚೀಟಿ ಬಂದ ಮೇಲೆ ಸಹನೆ ಮುಗಿಯಿತು. ಮೊದಲು ಓವರ್‌ಟೈಮ್ ನಿಂತಿತು. ಆಮೇಲೆ ಎರಡು ದಿನ ಎಲ್ಲರೂ ಕೆಲಸಕ್ಕೆ ಬಂದು, ಹಾಜರಿ ಹಾಕಿ, ಕಣದ ಅಂಚಿನಲ್ಲಿ ಕೂತರು. ಮಂಗಳೂರು ಬಂದರಿಗೆ ಹೋಗಬೇಕಿದ್ದ ಲೋಡು ಗೋಡೌನಿನಲ್ಲೇ ಉಳಿಯಿತು.

ಎರಡನೇ ದಿನ ಮಧ್ಯಾಹ್ನ ಮಳೆ ಬಂತು. ಕಣದಲ್ಲಿ ಬೆಳೆಗಾರರ ಚೆರಿ ಹರಡಿತ್ತು. ಮಳೆಗೆ ನೆನೆದರೆ ಬೂಸಲು ಹಿಡಿದು ಒಂದು ವರ್ಷದ ಬೆಳೆಯ ದರವೇ ಬಿದ್ದುಹೋಗುತ್ತದೆ. ಮುಷ್ಕರದಲ್ಲಿ ಕೂತಿದ್ದವರೇ ಎದ್ದು ಓಡಿ, ಕಾಫಿ ಗುಡ್ಡೆ ಹಾಕಿ ಟಾರ್ಪಾಲು ಮುಚ್ಚಿದರು. ಮುಚ್ಚಿ ಮತ್ತೆ ಬಂದು ಕೂತರು. ಯಾರೂ ಹೇಳಿಕೊಟ್ಟಿರಲಿಲ್ಲ. ಸುದ್ದಿ ಬೆಳೆಗಾರರಿಗೆ ತಲುಪಿತು. ಅವರಲ್ಲಿ ಇಬ್ಬರು ಮೂವರು ಮ್ಯಾನೇಜ್‌ಮೆಂಟಿಗೆ ಫೋನ್ ಮಾಡಿ ಬೇಗ ಇತ್ಯರ್ಥ ಮಾಡಿಕೊಳ್ಳಿ ಅಂದರು. ಗಿರಾಕಿಗಳ ಮಾತಿಗೆ ಬೆಲೆ ಇರುತ್ತದೆ.

ಅಧಿಕಾರಿಯ ಮುಂದೆ

ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದೆ ನಡೆದ ರಾಜಿ ಮಾತುಕತೆಯಲ್ಲಿ ಕಂಪನಿಯ ವಾದ ಸರಳ. ಕಾನೂನು 15,000 ತನಕ ಮಾತ್ರ ಕಡ್ಡಾಯ ಮಾಡಿದೆ, ಸೀಸನ್ ಕಾರ್ಮಿಕರಿಗೆ 7 ದಿನ ಸಾಕು ಅಂದಿದೆ. ಈ ವಾದದಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಸಂಘ ಪಿಎಫ್ ಕಾಯ್ದೆಯ 12ನೇ ಕಲಮು ಎತ್ತಿತು. ವಂತಿಗೆ ಕಟ್ಟಬೇಕಾಗುತ್ತದೆ ಎಂಬ ಕಾರಣಕ್ಕೆ ಮಾಲೀಕರು ಸಂಬಳವನ್ನಾಗಲಿ, ಬರಹದಲ್ಲೋ ನಡವಳಿಕೆಯಲ್ಲೋ ಒಪ್ಪಿದ ನಿವೃತ್ತಿ ಸೌಲಭ್ಯದ ಒಟ್ಟು ಮೊತ್ತವನ್ನಾಗಲಿ ಇಳಿಸುವಂತಿಲ್ಲ ಎಂದು ಅದು ಹೇಳುತ್ತದೆ. ಎರಡೂ ಕಡೆಯ ವಕೀಲರು ಇದರ ಮೇಲೆ ಗಂಟೆಗಟ್ಟಲೆ ಮಾತಾಡಬಹುದಿತ್ತು.

ಆದರೆ ಅಧಿಕಾರಿ ಕೇಳಿದ್ದು ಬೇರೆಯೇ. "21 ದಿನದ ನೋಟಿಸ್ ಎಲ್ಲಿ?"

ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 9ಎ ಕಲಮಿನಂತೆ, ನಾಲ್ಕನೇ ಷೆಡ್ಯೂಲಿನಲ್ಲಿರುವ ಸೇವಾ ಷರತ್ತು ಬದಲಿಸುವ ಮೊದಲು ಕಾರ್ಮಿಕರಿಗೆ ನೋಟಿಸ್ ಕೊಡಬೇಕು, ಆಮೇಲೆ 21 ದಿನ ಕಾಯಬೇಕು. ಆ ಷೆಡ್ಯೂಲಿನ 2ನೇ ಬಾಬ್ತು ಪಿಎಫ್ ವಂತಿಗೆ. 8ನೇ ಬಾಬ್ತು ರೂಢಿಯಿಂದ ಬಂದ ಸೌಲಭ್ಯ ಹಿಂತೆಗೆದುಕೊಳ್ಳುವುದು. ಸುತ್ತೋಲೆಯ ಎರಡೂ ವಿಷಯ ನೇರವಾಗಿ ಇವುಗಳೊಳಗೇ ಬರುತ್ತವೆ. ಬೋರ್ಡಿಗೆ ಅಂಟಿಸಿದ ಕಾಗದ ಮಾರ್ಚ್ ಕೊನೆಯದು, ಜಾರಿ ಏಪ್ರಿಲ್ 1ರಿಂದ. ಕಂಪನಿಯ ಕಡೆಯಿಂದ ಉತ್ತರ ಬರಲಿಲ್ಲ. ರಾಜಿ ನಡೆಯುತ್ತಿರುವಾಗ ಷರತ್ತು ಬದಲಿಸುವುದಕ್ಕೆ 33ನೇ ಕಲಮಿನ ತಡೆಯೂ ಇತ್ತು.

ಈ ನೋಟಿಸ್ ಬರೀ ಕಾಗದದ ಶಾಸ್ತ್ರ ಎಂದು ತಿಳಿಯುವವರು ಬಹಳ. ಆ 21 ದಿನದಲ್ಲಿ ಎರಡು ಕಡೆಯವರು ಕೂತು ಮಾತಾಡಲಿ ಎಂದೇ ಕಾನೂನು ಅದನ್ನು ಇಟ್ಟಿದೆ. ಮಾರ್ಚ್‌ನಲ್ಲೇ ವಿಮೆಯ ಕಂತಿನ ಕಾಗದವನ್ನು ಕಾರ್ಮಿಕರ ಮುಂದೆ ಇಟ್ಟಿದ್ದರೆ ಎರಡು ದಿನದ ಕೆಲಸ ನಿಲ್ಲುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ. ಯಾಕೆಂದರೆ ಮೇ ತಿಂಗಳಲ್ಲಿ ಅದನ್ನು ಇಟ್ಟಾಗ ಸಂಘ ಅದನ್ನು ಗಂಭೀರವಾಗಿಯೇ ನೋಡಿತು. ಒಂದೇ ಸಲ ಕಟ್ಟುವುದು ಕಷ್ಟ ಅನ್ನುವುದನ್ನು ಒಪ್ಪಿತು. ಕಂತು ಮಾಡಿಕೊಳ್ಳುವ ಸಲಹೆ ಬಂದದ್ದೇ ಕಾರ್ಮಿಕರ ಕಡೆಯಿಂದ.

ಒಪ್ಪಂದ

ಜೂನ್ ಕೊನೆಗೆ ಅಧಿಕಾರಿಯ ಮುಂದೆ, ಅದೇ ವಿವಾದಗಳ ಕಾಯ್ದೆಯ 12(3) ಕಲಮಿನ ರಾಜಿ ಒಪ್ಪಂದಕ್ಕೆ ಸಹಿ ಬಿತ್ತು. ಈಗ ಇರುವ ಎಲ್ಲರಿಗೂ ಪೂರ್ತಿ ಬೇಸಿಕ್ ಮತ್ತು ಡಿಎ ಮೇಲೆ ಪಿಎಫ್ ಮುಂದುವರಿಯುತ್ತದೆ. ಏಪ್ರಿಲ್, ಮೇ ತಿಂಗಳ ಕೊರತೆಯನ್ನು ಕಂಪನಿ ಬಡ್ಡಿ ಸಮೇತ ಕಟ್ಟಿಕೊಡಬೇಕು. ಈಗ ಪುಸ್ತಕದಲ್ಲಿರುವ ಸೀಸನ್ ಹೆಂಗಸರಿಗೆ 15 ದಿನದ ಗ್ರಾಚ್ಯುಟಿ, ಈ ಸಲ ಬರಹದಲ್ಲಿ. ಗ್ರಾಚ್ಯುಟಿ ವಿಮೆಯ ಹಿಂದಿನ ಬಾಕಿಯನ್ನು ಕಂತಿನಲ್ಲಿ ಕಟ್ಟುವುದು. ಇದಕ್ಕೆ ಬದಲಾಗಿ ಸಂಘ ತನ್ನ ವೇತನ ಪರಿಷ್ಕರಣೆ ಬೇಡಿಕೆಯನ್ನು ಒಂದು ವರ್ಷ ಮುಂದಕ್ಕೆ ಹಾಕಿತು. ಮುಂದಿನ ಸುತ್ತೋಲೆಗಳೆಲ್ಲ ಕನ್ನಡದಲ್ಲೇ ಇರಬೇಕು ಎಂದೂ ಬರೆಸಿದರು. ಸಂಘದ ಕಮಿಟಿಗೆ ಗಾರ್ಬ್ಲಿಂಗ್ ಕಡೆಯಿಂದ ಮೂವರು ಬಂದರು. ಅದು ಒಪ್ಪಂದದಲ್ಲಿ ಇಲ್ಲ, ಆದರೆ ನನ್ನ ಮಟ್ಟಿಗೆ ದೊಡ್ಡ ಗೆಲುವು.

ಒಂದು ಷರತ್ತು ಮಾತ್ರ ನನಗೆ ಒಪ್ಪಿಗೆಯಾಗಿಲ್ಲ. 2024ರ ಜುಲೈ 1ರ ನಂತರ ಸೇರುವವರಿಗೆ ಪಿಎಫ್ 15,000ದ ಮಿತಿಗೆ, ಗ್ರಾಚ್ಯುಟಿ ಕಾನೂನು ಹೇಳಿದಷ್ಟೇ. ಮಾತುಕತೆ ಮುರಿಯುವ ಹಂತಕ್ಕೆ ಬಂದಾಗ ಕಮಿಟಿ ಇದಕ್ಕೆ ಒಪ್ಪಿತು. ಇನ್ನೂ ಸೇರದವರ ಪರವಾಗಿ ಆ ಕೋಣೆಯಲ್ಲಿ ಮಾತಾಡುವವರು ಯಾರೂ ಇರಲಿಲ್ಲ. ರಾಜ್ಯ ಸರ್ಕಾರಿ ನೌಕರಿಯಲ್ಲಿ 2006ರ ಏಪ್ರಿಲ್ 1ರ ಆಚೆ ಈಚೆ ಸೇರಿದವರ ನಡುವೆ ಪಿಂಚಣಿಯ ಗೋಡೆ ಎದ್ದು ಎಷ್ಟು ವರ್ಷದ ಹೋರಾಟ ನಡೆಯಿತು ಎಂದು ನಾವೆಲ್ಲ ನೋಡಿದ್ದೇವೆ. ಅಂಥದೇ ಗೋಡೆ ಇಲ್ಲೂ ಎದ್ದಿದೆ. ಒಂದೇ ಮೆಷಿನ್ ಮುಂದೆ ನಿಂತ ಇಬ್ಬರಿಗೆ ಈಗ ಎರಡು ಲೆಕ್ಕ.

ಕಂಪನಿಗೂ ಇದರಿಂದ ನೆಮ್ಮದಿ ಇಲ್ಲ. ಹೊಸದಾಗಿ ಬಂದ ಹುಡುಗರು ಕೆಲಸ ಕಲಿತು ಒಂದೆರಡು ಸೀಸನ್ನಿಗೇ ಬಿಟ್ಟುಹೋಗುತ್ತಿದ್ದಾರೆ. ಉಳಿಯುವುದಕ್ಕೆ ಕಾರಣ ಏನಿದೆ ಎಂದು ಕೇಳುತ್ತಾರೆ.

2025ರ ನವೆಂಬರ್ 21ರಿಂದ ಹಳೆಯ ಕಾರ್ಮಿಕ ಕಾಯ್ದೆಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಬದಲಾವಣೆಗೆ ಮೊದಲು ನೋಟಿಸ್ ಕೊಡಬೇಕು ಅನ್ನುವುದು ಅಲ್ಲೂ ಉಳಿದಿದೆ. ಸೀಸನ್ನಿಗೆ 7 ದಿನ ಅನ್ನುವುದೂ ಉಳಿದಿದೆ. ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ, ಮೀರಿದ ಭಾಗವನ್ನು ವೇತನಕ್ಕೇ ಸೇರಿಸಬೇಕು ಎಂಬ ಹೊಸ ಮಾತು ಬಂದಿದೆ. ಅವಧಿ ಗೊತ್ತುಮಾಡಿ ತೆಗೆದುಕೊಂಡ ಕಾರ್ಮಿಕರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಸಿಗುತ್ತದೆ. ಹೊಸ ಹುಡುಗರನ್ನು ಕಂಪನಿ ಯಾವ ಬಗೆಯಲ್ಲಿ ಪುಸ್ತಕಕ್ಕೆ ಬರೆದುಕೊಂಡಿದೆ ಎಂದು ಕಮಿಟಿಯ ಹೆಂಗಸರು ಈಗ ಹಾಜರಿ ಪುಸ್ತಕ ಕೇಳಿ ನೋಡುತ್ತಿದ್ದಾರೆ. ಒಪ್ಪಂದದ ಅವಧಿ 2027ರ ಜೂನ್‌ಗೆ ಮುಗಿಯುತ್ತದೆ. ಆಗ ಇಡುವ ಬೇಡಿಕೆ ಪಟ್ಟಿಯಲ್ಲಿ ಜುಲೈ 1ರ ಷರತ್ತು ತೆಗೆಸುವುದೇ ಮೊದಲನೆಯದು ಎಂದು ಅವರು ನಿರ್ಧಾರ ಮಾಡಿ, ಸಭೆಯ ಪುಸ್ತಕದಲ್ಲಿ ಬರೆದು ಸಹಿ ಹಾಕಿದ್ದಾರೆ.